ಬಾರದೆ ಉಳಿದ ರೋಗಿಯತ್ತ: ತರುಣ ಚರ್ಮವೈದ್ಯರಿಗೆ ಗುರುವೂ ದಾರಿಯೂ

ಚರ್ಮರೋಗವು ಎಲ್ಲರ ಕಣ್ಣಿಗೂ ಕಾಣುವ ರೋಗ. ಹಾಗಿದ್ದರೂ ತಜ್ಞನ ಕಣ್ಣಿಗೆ ಬೀಳುವ ಹೊತ್ತಿಗೆ ಬಡವನ ಪಾಲಿಗೆ ಅದು ಬಹುದೂರ ಸಾಗಿಬಿಟ್ಟಿರುತ್ತದೆ. ಕುಷ್ಠರೋಗವನ್ನು ಹತ್ತು ಸಾವಿರ ಜನಕ್ಕೆ ಒಂದಕ್ಕಿಂತ ಕಡಿಮೆಯೆಂಬ ಪ್ರಮಾಣಕ್ಕೆ ಇಳಿಸಿದ್ದೇವೆಂದು ಭಾರತವು 2005ರ ಡಿಸೆಂಬರಿನಲ್ಲಿ ಸಾರಿತು. ಆ ಸಾಧನೆ ಅಲ್ಪವಾದುದಲ್ಲ. ಆದರೆ 2023ರಲ್ಲಿ ಪ್ರಪಂಚದಲ್ಲೆಲ್ಲ ಹೊಸದಾಗಿ ಪತ್ತೆಯಾದ ಕುಷ್ಠರೋಗಿಗಳ ಪೈಕಿ ಅರ್ಧಕ್ಕೂ ಹೆಚ್ಚು ಮಂದಿ, ಎಂದರೆ ಒಂದು ಲಕ್ಷಕ್ಕೂ ಮೇಲ್ಪಟ್ಟವರು, ನಮ್ಮ ದೇಶದವರೇ. ಔಷಧವು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತಿರುವಾಗಲೂ ಬೆರಳು ಮಡಿಚಿದ ಮೇಲೆ ಬರುವ ರೋಗಿ ಇನ್ನೂ ಇದ್ದಾನೆಂದರೆ, ಕೊರತೆಯಿರುವುದು ಔಷಧದಲ್ಲಿ ಮಾತ್ರವಲ್ಲವೆಂದು ಒಪ್ಪಲೇಬೇಕಾಗುತ್ತದೆ. ಚರ್ಮರೋಗಗಳನ್ನು ಜಾಗತಿಕ ಸಾರ್ವಜನಿಕ ಆರೋಗ್ಯದ ಆದ್ಯತೆಯೆಂದು ಪರಿಗಣಿಸುವ ನಿರ್ಣಯವನ್ನು 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಅಂಗೀಕರಿಸಿತು. ನಿರ್ಣಯವನ್ನು ತಾಲ್ಲೂಕಿನ ಮಟ್ಟದಲ್ಲಿ ಕೃತಿಗಿಳಿಸುವ ಮುಂದಾಳುಗಳು ಬೇಕು. ಅಂಥವರನ್ನು ಸಿದ್ಧಗೊಳಿಸುವ ಪಾಠ ನಮ್ಮ ವೈದ್ಯಕೀಯ ಶಿಕ್ಷಣದಲ್ಲಿ ತೀರ ವಿರಳ. ಆ ಪಾಠವನ್ನು ತಾವೇ ರೂಪಿಸಿಕೊಳ್ಳಬೇಕಾದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ, ವೃತ್ತಿಯ ಮೊದಲ ವರ್ಷಗಳಲ್ಲಿರುವ ವೈದ್ಯರಿಗೂ, ಅವರ ಕೈಹಿಡಿಯಬಲ್ಲ ಹಿರಿಯರಿಗೂ ಉಪಯೋಗವಾಗಲೆಂದು ಈ ಹೆಜ್ಜೆಗಳನ್ನು ಇಲ್ಲಿ ವಿವರಿಸಿದೆ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಗುರುತಿಸಿಕೊಳ್ಳುವುದು

ಗುರುವನ್ನು ಹುಡುಕುವುದಕ್ಕೆ ಮುಂಚೆ ತನ್ನ ಪ್ರಶ್ನೆ ಯಾವುದೆಂಬುದನ್ನು ವೈದ್ಯನು ನಿಶ್ಚಯಿಸಿಕೊಳ್ಳತಕ್ಕದ್ದು. ಅದಕ್ಕೆ ಸುಲಭವಾದ ಉಪಾಯವೊಂದುಂಟು. ಹೊರರೋಗಿ ವಿಭಾಗದಲ್ಲಿ ಕುಳಿತಾಗ ಒಂದು ಸಾಮಾನ್ಯ ನೋಟುಬುಕ್ಕನ್ನು ಪಕ್ಕದಲ್ಲಿರಿಸಿಕೊಂಡು, ಬಂದವರನ್ನು ನಾಲ್ಕು ಮಾತು ಕೇಳಿ ಬರೆದಿಡಬೇಕು: ಯಾವ ಊರಿನಿಂದ ಬಂದಿರಿ, ಮೊದಲು ಕಾಣಿಸಿಕೊಂಡದ್ದು ಯಾವಾಗ, ಇದುವರೆಗೆ ಏನೇನು ಹಚ್ಚಿದಿರಿ, ಈ ದಿನ ಬಂದದ್ದರಿಂದ ಎಷ್ಟು ಕೂಲಿ ಹೋಯಿತು. ಕೆಲವು ತಿಂಗಳು ಹೀಗೆ ಬರೆದ ಪುಟಗಳನ್ನು ತಿರುವಿ ನೋಡಿದರೆ, ಯಾವ ಹೋಬಳಿಯಿಂದ ಒಬ್ಬರೂ ಬಂದಿಲ್ಲ, ಹೆಂಗಸರು ಏಕೆ ಅಷ್ಟು ತಡವಾಗಿ ಬರುತ್ತಾರೆ, ಎಂಬ ಸಂಗತಿಗಳು ತಾವಾಗಿಯೇ ಎದ್ದು ಕಾಣುವುವು.

ಹುಳುಕಡ್ಡಿಯ ದೃಷ್ಟಾಂತವನ್ನೇ ತೆಗೆದುಕೊಳ್ಳಬಹುದು. ಕಳೆದ ದಶಕದಿಂದೀಚೆಗೆ ನಮ್ಮ ದೇಶದಲ್ಲಿ ಅದು ಹಠಮಾರಿಯಾಗಿ ಹಬ್ಬಿದೆ. ಒಂದು ದಿನದ ಕೂಲಿಯನ್ನು ಕಳೆದುಕೊಳ್ಳಲಾರದವನು ಔಷಧದ ಅಂಗಡಿಗೆ ಹೋಗಿ, ಸ್ಟೀರಾಯ್ಡು ಬೆರೆತ ಮುಲಾಮನ್ನು ಚೀಟಿಯಿಲ್ಲದೆ ಕೊಳ್ಳುತ್ತಾನೆ. ತುರಿಕೆ ಎರಡು ದಿನದಲ್ಲಿ ಅಡಗುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಬೆಳೆಯುತ್ತದೆ, ಅದೇ ಮುಲಾಮು ಮನೆಮಂದಿಯೆಲ್ಲರ ಕೈಗೂ ಹೋಗುತ್ತದೆ. ಇದನ್ನು ತಮ್ಮ ತಮ್ಮ ಕೊಠಡಿಗಳಲ್ಲಿ ಕಂಡ ವೈದ್ಯರು ಗೊಣಗಿ ಸುಮ್ಮನಾಗಿದ್ದರೆ ಏನೂ ಆಗುತ್ತಿರಲಿಲ್ಲ. ಭಾರತೀಯ ಚರ್ಮರೋಗ, ಲೈಂಗಿಕರೋಗ ಮತ್ತು ಕುಷ್ಠರೋಗ ತಜ್ಞರ ಸಂಘವು ಈ ದುರುಪಯೋಗವನ್ನು ತಡೆಯುವುದಕ್ಕೆಂದೇ ಒಂದು ಕಾರ್ಯಪಡೆಯನ್ನು ರಚಿಸಿ ಎಡೆಬಿಡದೆ ಒತ್ತಾಯಿಸಿತು; 2018ರಲ್ಲಿ ಕೇಂದ್ರ ಸರ್ಕಾರವು ಇಂಥ ಅನೇಕ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ನಿಯಮದ ಪಾಲನೆ ಇನ್ನೂ ಸಾಲದು. ಆದರೆ ಕೊಠಡಿಯಲ್ಲಿ ಹುಟ್ಟಿದ ಪ್ರಶ್ನೆ ಶಾಸನದವರೆಗೆ ನಡೆಯಬಲ್ಲದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಎರಡನೆಯ ಹೆಜ್ಜೆ: ಗುರುವನ್ನು ಆರಿಸಿಕೊಳ್ಳುವುದು

ಗುರುವಿನ ಕೀರ್ತಿಯನ್ನು ನೋಡಿ ಹೋಗುವುದು ಸಹಜ. ಆದರೆ ನೋಡಬೇಕಾದುದು ಆತನು ಶಿಷ್ಯನನ್ನು ಎಲ್ಲಿಗೆ ಕರೆದೊಯ್ಯುತ್ತಾನೆಂಬುದನ್ನು. 1947ರಲ್ಲಿ ಕುಷ್ಠರೋಗದ ಮಹಾವಿದ್ವಾಂಸನಾದ ರಾಬರ್ಟ್ ಕಾಕ್ರೇನ್, ವೆಲ್ಲೂರಿಗೆ ಹೊಸದಾಗಿ ಬಂದಿದ್ದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡನನ್ನು ಚೆಂಗಲ್ಪಟ್ಟಿನ ಕುಷ್ಠಧಾಮಕ್ಕೆ ಕರೆದುಕೊಂಡುಹೋದನು. ಕಾಕ್ರೇನನು ಚರ್ಮದ ಮಚ್ಚೆಗಳನ್ನು ವಿವರಿಸುತ್ತಿದ್ದಾಗ ಬ್ರ್ಯಾಂಡನ ಕಣ್ಣು ಮಡಿಚಿಹೋದ ಕೈಗಳ ಮೇಲೆ ನಿಂತಿತು. ಇವುಗಳ ಬಗೆಗೆ ಮೂಳೆಶಸ್ತ್ರದ ತಜ್ಞರು ಏನು ಮಾಡಿದ್ದಾರೆಂದು ಆತನು ಕೇಳಿದಾಗ, ಏನೂ ಮಾಡಿಲ್ಲವೆಂಬುದನ್ನು ಮರೆಮಾಚದೆ, ಆ ಹೊಣೆಯನ್ನು ಕೇಳಿದವನ ಕಡೆಗೇ ತಿರುಗಿಸಿದ ಹಿರಿಯನು ಗುರುತ್ವದ ಸಾರವನ್ನೇ ಅಲ್ಲಿ ತೋರಿಸಿದನೆಂದು ನಾನು ಭಾವಿಸುತ್ತೇನೆ. ಸ್ನಾಯುರಜ್ಜುಗಳನ್ನು ಸ್ಥಳಾಂತರಿಸಿ ಬೆರಳುಗಳಿಗೆ ಚಲನೆಯನ್ನು ಮರಳಿ ಕೊಡುವ ಶಸ್ತ್ರಕ್ರಿಯೆಯೂ, ಬೆರಳುಗಳು ಸವೆಯುವುದು ನೋವಿನ ಅರಿವಿಲ್ಲದೆ ಆಗುವ ಗಾಯಗಳಿಂದಲೇ ಎಂಬ ತಿಳಿವಳಿಕೆಯೂ ಆ ಹೊಣೆಯ ಫಲಗಳು. ತನ್ನ ಶಾಸ್ತ್ರದ ಗಡಿಯಾಚೆಗಿನ ಪ್ರಶ್ನೆಯನ್ನು ಕಿರಿಯನ ಬಾಯಿಂದ ಕೇಳಿ ಸಂತೋಷಪಡುವ ಹಿರಿಯ ಸಿಕ್ಕಿದರೆ ಬಿಡಬಾರದು.

ಒಬ್ಬರಲ್ಲಿಯೇ ಎಲ್ಲವೂ ದೊರೆಯಲಾರದು. ರೋಗನಿದಾನಕ್ಕೆ ಒಬ್ಬರು, ಅಂಕಿಸಂಖ್ಯೆಯ ಶಾಸ್ತ್ರಕ್ಕೆ ಸಾರ್ವಜನಿಕ ಆರೋಗ್ಯ ವಿಭಾಗದ ಒಬ್ಬರು, ಕಚೇರಿಯ ವ್ಯವಹಾರಕ್ಕೆ ಜಿಲ್ಲೆಯ ಆರೋಗ್ಯಾಧಿಕಾರಿಗಳಲ್ಲೊಬ್ಬರು, ಹಾಗೂ ಊರಿನ ಮನಸ್ಸನ್ನು ಬಲ್ಲ ಒಬ್ಬ ಆಶಾ ಕಾರ್ಯಕರ್ತೆ. ಈ ಕೊನೆಯವರನ್ನು ಗುರುವೆಂದು ಒಪ್ಪಲು ಹಿಂಜರಿಯುವವರು ಈ ಮಾರ್ಗದಲ್ಲಿ ಬಹುದೂರ ಸಾಗಲಾರರು.

ಹಿರಿಯರನ್ನು ಕೇಳಿಕೊಳ್ಳುವಾಗ ಪತ್ರ ಒಂದು ಪುಟವನ್ನು ಮೀರಬಾರದು. ತನ್ನ ಪ್ರಶ್ನೆಯೇನು, ಅದಕ್ಕಾಗಿ ಈವರೆಗೆ ಮಾಡಿದ್ದೇನು, ಆ ಹಿರಿಯರಿಂದ ಬೇಕಾದುದೇನು, ಇಷ್ಟು ಸಾಕು. ತಿಂಗಳಿಗೊಮ್ಮೆ ಅರ್ಧ ಗಂಟೆಯ ಭೇಟಿಯನ್ನು ಒಂದು ವರ್ಷದ ಅವಧಿಗೆ ಬೇಡುವುದು ಯುಕ್ತ. ಪ್ರತಿ ಭೇಟಿಯ ತೀರ್ಮಾನಗಳನ್ನು ಬರೆದು ಕಳುಹಿಸುವ ಭಾರ ಕಿರಿಯರದು.

ಮೂರನೆಯ ಹೆಜ್ಜೆ: ಜಿಲ್ಲೆಗೆ ಇಳಿಯುವುದು

ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳ ಕಾಲ ಜಿಲ್ಲಾ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಬೇಕೆಂಬ ನಿಯಮ ಈಗ ಜಾರಿಯಲ್ಲಿದೆ. ಅದನ್ನು ತೀರಿಸಬೇಕಾದ ಹರಕೆಯೆಂದು ಕಾಣುವವರೇ ಹೆಚ್ಚು. ವಾಸ್ತವವಾಗಿ ಮುಂದಾಳುತನದ ಅಭ್ಯಾಸಕ್ಕೆ ಅಷ್ಟು ಒಳ್ಳೆಯ ಅವಕಾಶ ಮತ್ತೆ ದೊರೆಯುವುದು ಕಷ್ಟ.

ಮೊದಲ ವಾರದಲ್ಲಿಯೇ ಜಿಲ್ಲಾ ಕುಷ್ಠರೋಗ ನಿರ್ಮೂಲನಾಧಿಕಾರಿಗಳನ್ನು ಕಂಡು, ಹೊಸ ರೋಗಿಗಳಲ್ಲಿ ಎಷ್ಟು ಮಂದಿಗೆ ಪತ್ತೆಯಾಗುವ ಹೊತ್ತಿಗೇ ಕಣ್ಣಿಗೆ ಕಾಣುವ ಅಂಗವಿಕಲತೆ ಬಂದಿತ್ತೆಂಬ ಲೆಕ್ಕವನ್ನು ತಾಲ್ಲೂಕುವಾರು ಕೇಳಬೇಕು. ಎರಡನೆಯ ದರ್ಜೆಯ ವಿಕಲತೆ ಎಂದು ಇದಕ್ಕೆ ಹೆಸರು. ಪತ್ತೆಯಾಗಲು ಎಷ್ಟು ತಡವಾಗುತ್ತಿದೆಯೆಂಬುದನ್ನು ಇದರಷ್ಟು ನಿಷ್ಠುರವಾಗಿ ಹೇಳುವ ಅಂಕಿ ಬೇರೊಂದಿಲ್ಲ. ಅದು ಹೆಚ್ಚಿರುವ ತಾಲ್ಲೂಕನ್ನು ಆರಿಸಿ, ಅಲ್ಲಿಯ ಒಂದೆರಡು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಆಶಾ ಕಾರ್ಯಕರ್ತೆಯರೊಡನೆ ಮನೆಮನೆಗೆ ನಡೆಯಬೇಕು. ಮಾಸಲು ಬಣ್ಣದ ಮಚ್ಚೆಯನ್ನು ಹಗಲು ಬೆಳಕಿನಲ್ಲಿ ನೋಡುವುದು, ರೋಗಿಯ ಕಣ್ಣು ಮುಚ್ಚಿಸಿ ಸ್ಪರ್ಶವನ್ನು ಪರೀಕ್ಷಿಸುವುದು, ಮೊಣಕೈಯ ನರ ದಪ್ಪವಾಗಿದೆಯೇ ಎಂದು ಸಂಶಯ ಬಂದಾಗ ಯಾರಿಗೆ ತಿಳಿಸಬೇಕೆಂಬುದು, ಇವನ್ನು ಅವರ ಮಾತಿನಲ್ಲಿಯೇ ಕಲಿಸಬೇಕು. ಕಲಬುರಗಿಯಲ್ಲಿ ಒಂದು ಮಾತು, ತಾಂಡಾದಲ್ಲಿ ಇನ್ನೊಂದು, ಕರಾವಳಿಯಲ್ಲಿ ಮತ್ತೊಂದು; ಆಯಾ ಊರು ಮಚ್ಚೆಗೂ ಮರಗಟ್ಟುವಿಕೆಗೂ ಏನೆನ್ನುತ್ತದೆಂಬುದನ್ನು ವೈದ್ಯನು ಆ ಹೆಂಗಸರಿಂದಲೇ ಕಲಿಯತಕ್ಕದ್ದು. ಹೀಗೆ ಮಾಡಿದ ಕೆಲಸವನ್ನು ಗುರುವಿನ ಮುಂದಿಟ್ಟಾಗ ಆತನು ಕೇಳಬೇಕಾದ ಮೊದಲ ಪ್ರಶ್ನೆ, ನೀನು ಹೊರಟುಬಂದ ಮೇಲೆ ಅಲ್ಲಿ ಏನು ನಡೆಯುತ್ತಿದೆ, ಎಂಬುದು.

ನಾಲ್ಕನೆಯ ಹೆಜ್ಜೆ: ತನ್ನ ವಿದ್ಯೆಯನ್ನು ಹಂಚುವ ಏರ್ಪಾಡು

ವೈದ್ಯನು ಹೊರಟುಬಂದ ಮೇಲೂ ಕೆಲಸ ನಡೆಯುವುದು ಹೇಗೆಂಬ ಈ ಪ್ರಶ್ನೆಗೆ ಉತ್ತರ ಕೊಟ್ಟ ಎರಡು ಸಂಸ್ಥೆಗಳನ್ನು ಗಮನಿಸುವುದು ಒಳ್ಳೆಯದು. ಟಾಂಜಾನಿಯದ ಮೋಷಿಯಲ್ಲಿ ಅಂತರರಾಷ್ಟ್ರೀಯ ಚರ್ಮವೈದ್ಯ ಪ್ರತಿಷ್ಠಾನದ ಪ್ರಯತ್ನದಿಂದ 1992ರಲ್ಲಿ ತೆರೆದ ಪ್ರಾದೇಶಿಕ ಚರ್ಮವೈದ್ಯ ತರಬೇತಿ ಕೇಂದ್ರವು, ವೈದ್ಯ ಪದವಿಯಿಲ್ಲದ ಆರೋಗ್ಯ ಸಹಾಯಕರಿಗೆ ಚರ್ಮರೋಗಗಳ ಶಿಕ್ಷಣವನ್ನು ಕೊಟ್ಟು, ತಜ್ಞರೇ ಇಲ್ಲದ ಸೀಮೆಗಳಿಗೆ ಮರಳಿ ಕಳುಹಿಸುತ್ತ ಬಂದಿದೆ.

ಎರಡನೆಯದು ನಮ್ಮ ಕನ್ನಡ ಸೀಮೆಯ ಅಂಚಿನಲ್ಲಿಯೇ ಇದೆ. ಕಾಸರಗೋಡಿನಲ್ಲಿ 1999ರಲ್ಲಿ ಸ್ಥಾಪಿತವಾದ ಅನ್ವಯಿಕ ಚರ್ಮವೈದ್ಯ ಸಂಸ್ಥೆಯ ಡಾ. ಎಸ್. ಆರ್. ನರಹರಿಯವರು ಆನೆಕಾಲಿನ ಬಾವನ್ನು ತಮ್ಮ ಪ್ರಶ್ನೆಯಾಗಿ ಹಿಡಿದರು. ಆಕ್ಸ್‌ಫರ್ಡಿನ ಚರ್ಮವೈದ್ಯ ಪ್ರಾಧ್ಯಾಪಕರಾಗಿದ್ದ ಟೆರೆನ್ಸ್ ರಯಾನ್ ಅವರೊಡನೆ ಬಹುಕಾಲ ಜತೆಗೂಡಿ ದುಡಿದು, ಚರ್ಮವನ್ನು ತೊಳೆದು ಒರೆಸಿ ಶುಚಿಯಾಗಿಡುವ ಕ್ರಮ, ಆಯುರ್ವೇದದ ಉಪಚಾರ, ಯೋಗಾಭ್ಯಾಸ, ಒತ್ತಿ ಕಟ್ಟುವ ಪಟ್ಟಿ, ಇವನ್ನೆಲ್ಲ ಆಧುನಿಕ ವೈದ್ಯದೊಡನೆ ಜೋಡಿಸಿ, ರೋಗಿಯು ಮನೆಯಲ್ಲಿಯೇ ನಡೆಸಬಲ್ಲ ಒಂದು ಪದ್ಧತಿಯನ್ನು ಅವರು ರೂಪಿಸಿದರು. ಕಲಬುರಗಿ ಮತ್ತು ಆಲಪ್ಪುಳ ಜಿಲ್ಲೆಗಳಲ್ಲಿ ಅದನ್ನು ಜನರ ನಡುವೆ ಪ್ರಯೋಗಿಸಿ, ಫಲಿತಾಂಶಗಳನ್ನು ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದರು. ದೂರದೇಶದ ಹಿರಿಯರಿಂದ ವಿಮರ್ಶೆಯ ಶಿಸ್ತನ್ನೂ, ನೆರೆಯ ಪರಂಪರೆಯಿಂದ ಕೈಗೆಟುಕುವ ಉಪಚಾರವನ್ನೂ ಸ್ವೀಕರಿಸಿ, ಸಾಕ್ಷ್ಯವನ್ನು ಲೋಕದ ಮುಂದಿಡುವ ಈ ಕ್ರಮವು ತರುಣರು ಹತ್ತಿರದಿಂದ ನೋಡಿ ಕಲಿಯಬೇಕಾದುದು.

ಇಂಥ ಕಾರ್ಯಕ್ಕೆ ಬೇಕಾದ ಲೌಕಿಕ ವಿದ್ಯೆಗಳೂ ಕೆಲವುಂಟು: ಮುಂಗಡಪತ್ರವನ್ನು ಬರೆಯುವುದು, ಸರ್ಕಾರದ ಕಡತ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆಂಬುದನ್ನು ಅರಿಯುವುದು, ಸಭೆಯನ್ನು ಹೇಳಿದ ಹೊತ್ತಿಗೆ ಮುಗಿಸುವುದು. ಹಿರಿಯರ ಪಕ್ಕದಲ್ಲಿ ಕುಳಿತು ಒಂದು ವರ್ಷ ನೋಡಿದರೆ ಬರುತ್ತವೆ.

ಹಿರಿಯರಿಗೆ ಒಂದು ಮಾತು

ಸಮಾನತೆಯನ್ನು ಬೋಧಿಸುವವರ ಶಿಷ್ಯವರ್ಗದಲ್ಲಿಯೇ ಅಸಮಾನತೆ ನೆಲೆಸಿರುವುದುಂಟು. ವೈದ್ಯರ ಮನೆತನದಿಂದ ಬಂದವನಿಗೆ ಗುರು ಸಲೀಸಾಗಿ ದೊರೆಯುತ್ತಾನೆ. ಕನ್ನಡ ಮಾಧ್ಯಮದಲ್ಲಿ ಓದಿ, ತನ್ನ ಕುಲದಲ್ಲಿ ಮೊದಲ ಪದವೀಧರೆಯಾಗಿ ಬಂದ ತರುಣಿಗೆ ಕೇಳುವ ಧೈರ್ಯವೇ ಇರುವುದಿಲ್ಲ. ಆಕೆಯನ್ನು ಹಿರಿಯರು ತಾವಾಗಿಯೇ ಕರೆಯಬೇಕು. ಸಮ್ಮೇಳನದ ಶುಲ್ಕವನ್ನೂ ಪ್ರಯಾಣದ ವೆಚ್ಚವನ್ನೂ ಹೊಂದಿಸಿಕೊಡಬೇಕು. ಕೆಲಸ ಆಕೆಯದಾಗಿದ್ದರೆ ಲೇಖನದ ಮೊದಲ ಹೆಸರೂ ಆಕೆಯದಾಗಬೇಕು.

ಲಂಡನ್ನಿನ ಸೇಂಟ್ ಜಾರ್ಜ್ ವಿಶ್ವವಿದ್ಯಾಲಯದಲ್ಲಿ ಮ್ಯಾಲೋನ್ ಮುಕ್ವೆಂಡೆ ಎಂಬ ವಿದ್ಯಾರ್ಥಿಗೆ, ರೋಗಲಕ್ಷಣಗಳನ್ನು ಬಿಳಿಯ ಚರ್ಮದ ಮೇಲೆ ಮಾತ್ರವೇ ಕಲಿಸುತ್ತಾರಲ್ಲ, ನನ್ನಂಥ ಕಪ್ಪು ಚರ್ಮದವರ ಮೇಲೆ ಅವು ಹೇಗೆ ಕಾಣುವುವು, ಎಂಬ ಸಂದೇಹ ಮೂಡಿತು. ಅಲ್ಲಿಯ ಇಬ್ಬರು ಅಧ್ಯಾಪಕರು ಆತನೊಡನೆ ಕೂಡಿ ದುಡಿದು, 2020ರಲ್ಲಿ ‘ಮೈಂಡ್ ದ ಗ್ಯಾಪ್’ ಎಂಬ ಕೈಪಿಡಿಯನ್ನು ಹೊರತಂದರು. ಲೇಖಕರ ಸಾಲಿನಲ್ಲಿ ವಿದ್ಯಾರ್ಥಿಯ ಹೆಸರೇ ಮೊದಲನೆಯದು. ಕೆಂಪೆಂದು ಪುಸ್ತಕದಲ್ಲಿ ಓದಿದ್ದು ನಮ್ಮ ಗೋಧಿಬಣ್ಣದ, ಕಪ್ಪುಬಣ್ಣದ ಮೈಗಳ ಮೇಲೆ ನೇರಳೆಯಾಗಿಯೋ ಬೂದಿಬಣ್ಣವಾಗಿಯೋ ತೋರುವುದನ್ನು ದಿನವೂ ಕಾಣುವ ನಮ್ಮ ವಿಭಾಗಗಳು, ತಮ್ಮಲ್ಲಿಯ ಚಿತ್ರಗಳನ್ನು ರೋಗಿಗಳ ಒಪ್ಪಿಗೆ ಪಡೆದು ಸಂಗ್ರಹಿಸಿ, ತಾಲ್ಲೂಕಿನ ವೈದ್ಯರಿಗಾಗಿ ಕನ್ನಡದಲ್ಲಿಯೇ ಅಂಥದೊಂದು ಚಿತ್ರಸಂಪುಟವನ್ನು ಸಿದ್ಧಪಡಿಸುವ ಹೊಣೆಯನ್ನು ಕಿರಿಯರೊಬ್ಬರಿಗೆ ಒಪ್ಪಿಸಬಹುದು.

ವರ್ಷ ತುಂಬಿದಾಗ

ಒಪ್ಪಿದ ಅವಧಿ ಮುಗಿದಾಗ ಗುರುಶಿಷ್ಯರಿಬ್ಬರೂ ಕುಳಿತು, ಮೊದಲ ಪತ್ರವನ್ನು ಮುಂದಿಟ್ಟುಕೊಂಡು, ಆದುದೇನು ಆಗದೆ ಉಳಿದುದೇನು ಎಂಬುದನ್ನು ದಾಕ್ಷಿಣ್ಯವಿಲ್ಲದೆ ನೋಡಬೇಕು. ಹೊಂದಿಕೆಯಾಗದಿದ್ದರೆ ಕೃತಜ್ಞತೆಯಿಂದ ಬೀಳ್ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಹೊಂದಿದ್ದರೆ ಎರಡನೆಯ ವರ್ಷದ ಕರಾರಿನಲ್ಲಿ ಒಂದು ಹೊಸ ಷರತ್ತನ್ನು ಸೇರಿಸತಕ್ಕದ್ದು: ಶಿಷ್ಯನು ತನಗಿಂತ ಕಿರಿಯನಾದ ಒಬ್ಬ ವಿದ್ಯಾರ್ಥಿಯನ್ನೂ, ತಾನು ನಡೆದ ತಾಲ್ಲೂಕಿನ ಒಬ್ಬ ಆರೋಗ್ಯ ಕಾರ್ಯಕರ್ತೆಯನ್ನೂ ಮುಂದಿನ ಪ್ರತಿ ಭೇಟಿಗೂ ಜೊತೆಯಲ್ಲಿ ಕರೆತರುವುದು, ಹಾಗೂ ಆಕೆಯ ದಿನಗೂಲಿಯನ್ನೂ ಬಸ್ಸಿನ ಖರ್ಚನ್ನೂ ವಿಭಾಗದ ಮುಂಗಡಪತ್ರದಲ್ಲಿ ಮೊದಲೇ ತೆಗೆದಿರಿಸುವುದು.