ಜೇಡ ಹೊತ್ತ ಕಣಜದ ಹಿಂದೆ ಬಂದದ್ದು ಯಾರು?

ಕಳೆದ ತಿಂಗಳು ಊರ ಹೊರಗಿನ ಹೊಲದ ದಾರಿಯಲ್ಲಿ ಒಂದು ದೊಡ್ಡ ಕಣಜದ ಹುಳು ತನಗಿಂತ ಭಾರವಾದ ಜೇಡವನ್ನು ಹಿಮ್ಮುಖವಾಗಿ ನಡೆಯುತ್ತ ಎಳೆದುಕೊಂಡು ಹೋಗುತ್ತಿತ್ತು. ಸ್ವಲ್ಪ ಹಿಂದೆ ಇನ್ನೊಂದು ಸಣ್ಣ ಕಣಜವಿತ್ತು. ಕಪ್ಪು ಮೈ, ಬಿಳಿ ಚುಕ್ಕೆ, ಕೆಂಪು ಕಾಲು. ದೊಡ್ಡದು ನಿಂತರೆ ಇದೂ ನಿಲ್ಲುತ್ತಿತ್ತು. ನಾನು ಐದಾರು ಫೋಟೊ ತೆಗೆದು, "ಗಂಡು ಹೆಣ್ಣು ಜೋಡಿ" ಎಂದು ಬರೆದು ಕ್ಲಾಸ್ ಗ್ರೂಪಿಗೆ ಹಾಕಿದೆ. ಎಲ್ಲರೂ ಒಪ್ಪಿದರು. ಜೀವಶಾಸ್ತ್ರದ ಮೇಡಂ ಮಾತ್ರ ಕೇಳಿದರು: "ಗಂಡು ಅಂತ ಹೇಗೆ ಗೊತ್ತಾಯಿತು?" ಅದು ಸಣ್ಣದು ಎಂಬುದನ್ನು ಬಿಟ್ಟರೆ ನನ್ನ ಹತ್ತಿರ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತ ಹೋದಾಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕುಟುಂಬ ತಿಳಿಯಬೇಕು. ಜೇಡ ಹಿಡಿಯುವ ಕಣಜಗಳ ಕುಟುಂಬದ ಹೆಸರು ಪಾಂಪಿಲಿಡೇ. ಜಗತ್ತಿನಲ್ಲಿ ಸುಮಾರು 5,000 ಪ್ರಭೇದಗಳಿವೆ. ಕಾಲು ಉದ್ದ, ನಡೆಯುವಾಗ ರೆಕ್ಕೆ ಪಟಪಟ ಅಲುಗಿಸುವ ಅಭ್ಯಾಸ. ಹೆಣ್ಣು ಜೇಡವನ್ನು ಚುಚ್ಚಿ ಅಲುಗಾಡದಂತೆ ಮಾಡುತ್ತದೆ, ಸಾಯಿಸುವುದಿಲ್ಲ. ಅದನ್ನು ಬಿಲಕ್ಕೆ ಎಳೆದು, ಮೇಲೊಂದು ಮೊಟ್ಟೆ ಇಟ್ಟು, ಮಣ್ಣು ಮುಚ್ಚುತ್ತದೆ. ಒಂದು ಮರಿಗೆ ಒಂದು ಜೇಡ, ಇದು ಲೆಕ್ಕ.

ಈ ಕುಟುಂಬದಲ್ಲೇ ಕೆಲವು ಬೇಟೆಯಾಡುವುದಿಲ್ಲ, ಕದಿಯುತ್ತವೆ. ಅಂಥದ್ದೊಂದು ಕುಲ ಸೆರೊಪಾಲಿಸ್. ಇದರ ಹೆಣ್ಣು ಜೇಡ ಎಳೆಯುವ ಕಣಜವನ್ನು ಹಿಂಬಾಲಿಸುತ್ತದೆ. ಸಮಯ ನೋಡಿ ಜೇಡದ ಹೊಟ್ಟೆಯ ಕೆಳಗಿರುವ ಉಸಿರಾಟದ ಸೀಳಿನೊಳಗೆ ತನ್ನ ಮೊಟ್ಟೆ ತೂರಿಸಿಬಿಡುತ್ತದೆ. ಬೇಟೆಗಾರ್ತಿ ಏನೂ ಅರಿಯದೆ ಆ ಜೇಡವನ್ನೇ ಹೂತು, ತನ್ನ ಮೊಟ್ಟೆಯನ್ನೂ ಇಡುತ್ತದೆ. ಕಳ್ಳ ಮರಿ ಮೊದಲು ಹೊರಬಂದು ಆ ಮೊಟ್ಟೆಯನ್ನು ನಾಶಮಾಡಿ ಜೇಡವನ್ನು ತಿಂದು ಬೆಳೆಯುತ್ತದೆ. ಎವಾಜಿಟಿಸ್ ಎಂಬ ಇನ್ನೊಂದು ಕುಲದ ದಾರಿಯೇ ಬೇರೆ. ಅದು ಮುಚ್ಚಿದ ಬಿಲವನ್ನು ಅಗೆದು, ಒಳಗಿನ ಮೊಟ್ಟೆಯನ್ನು ತಿಂದು, ತನ್ನದನ್ನಿಟ್ಟು ಮತ್ತೆ ಮುಚ್ಚುತ್ತದೆ.

ಹಾಗಾದರೆ ಸೆರೊಪಾಲಿಸ್ ಗುರುತು ಹಿಡಿಯುವುದು ಹೇಗೆ?

1. ಕಣ್ಣು: ಒಳ ಅಂಚು ಬಾಗಿ ಮೂತ್ರಪಿಂಡದ ಆಕಾರದಲ್ಲಿರುತ್ತದೆ.
2. ಮೇಲ್ತುಟಿ: ಪೂರ್ತಿ ಹೊರಗೆ ಕಾಣುತ್ತದೆ.
3. ಹಿಂಗಾಲು: ಬಹಳ ಉದ್ದ.
4. ಹೆಣ್ಣಿನ ಹೊಟ್ಟೆಯ ತುದಿ: ಪಕ್ಕದಿಂದ ಅಮುಕಿದಂತೆ ಚಪ್ಪಟೆ, ಕೊಂಡಿಯ ಭಾಗ ಹೊರಗೆ ಚಾಚಿರುತ್ತದೆ.
5. ಕುಡಿಮೀಸೆ: ಹೆಣ್ಣಿಗೆ 12 ಖಂಡ, ಗಂಡಿಗೆ 13. ಇದು ಇಡೀ ಕುಟುಂಬಕ್ಕೆ ಅನ್ವಯಿಸುವ ಲೆಕ್ಕ.

ನನ್ನ ಫೋಟೊ ದೊಡ್ಡದು ಮಾಡಿ ಎಣಿಸಿದೆ. ಹನ್ನೆರಡೇ ಇತ್ತು. ಹೊಟ್ಟೆಯ ತುದಿ ಚಾಚಿತ್ತು. "ಗಂಡ" ಎಂದುಕೊಂಡಿದ್ದು ಹೆಣ್ಣು, ಅದೂ ಕಳ್ಳಿ!

ಬಣ್ಣವನ್ನು ಪಟ್ಟಿಯಲ್ಲಿ ಸೇರಿಸದಿರುವುದಕ್ಕೆ ಕಾರಣವಿದೆ. ಯುರೋಪಿನ ಸೆರೊಪಾಲಿಸ್ ಮ್ಯಾಕುಲೇಟಾ, ಅಂದರೆ 1775ರಲ್ಲಿ ಫ್ಯಾಬ್ರಿಸಿಯಸ್ ಹೆಸರಿಟ್ಟ ಪ್ರಭೇದ, ಕಪ್ಪು ಮೈ, ಬಿಳಿ ಚುಕ್ಕೆ, ಕೆಂಪು ಕಾಲಿನದು. ನನ್ನ ಫೋಟೊಗೂ ಅದಕ್ಕೂ ಹೋಲಿಕೆ ಕಂಡು, ಹೆಸರು ಸಿಕ್ಕಿತು ಎಂದು ಕುಣಿದೆ. ಆದರೆ ಅದು ಯುರೋಪಿನದು. ಭಾರತದ ಪ್ರಭೇದಗಳೇ ಬೇರೆ ಇವೆ. ಬಿಂಗ್‌ಹ್ಯಾಮ್ ಅವರು 1897ರಲ್ಲಿ ಪ್ರಕಟಿಸಿದ ಬ್ರಿಟಿಷ್ ಇಂಡಿಯಾದ ಕಣಜ ಮತ್ತು ಜೇನುಗಳ ಸಂಪುಟದಲ್ಲಿ ಅವುಗಳ ವರ್ಣನೆ ಇದೆ. ಪ್ರಭೇದ ಹೇಳಲು ರೆಕ್ಕೆಯ ನರ, ಮುಖದ ಗುರುತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಫೋಟೊದಲ್ಲಿ ಅದು ಸಾಲದು.

ನಾವು ಕಾಮರ್ಸ್‌ನವರು ವೋಚರ್ ಇಲ್ಲದೆ ಎಂಟ್ರಿ ಹಾಕುವುದಿಲ್ಲ. ಇಲ್ಲೂ ಅಷ್ಟೇ. ಕುಲದವರೆಗೆ ನನ್ನ ಹತ್ತಿರ ವೋಚರ್ ಇದೆ, ಮುಂದಕ್ಕೆ ಇಲ್ಲ. ಗ್ರೂಪಿನಲ್ಲಿ ಹಳೆಯ ಸಾಲು ಅಳಿಸಿ ಹೀಗೆ ಬರೆದೆ: "ಸೆರೊಪಾಲಿಸ್, ಹೆಣ್ಣು. ಪ್ರಭೇದ: ಖಾಲಿ."

ಬೇಟೆಯಾಡುವ ಕಣಜಗಳಿಗಿಂತ ಈ ಕಳ್ಳಿ ಅಪರೂಪ. ಜೇಡ ಬೇಕು, ಜೇಡ ಹಿಡಿಯುವ ಕಣಜ ಬೇಕು, ಅದು ಬಿಲ ತೋಡಲು ಬರಿಯ ಮಣ್ಣು ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಇದು ಉಳಿಯದು. ನಿಮಗೆ ಕಂಡರೆ ಹಿಡಿಯಬೇಡಿ, ಕೊಲ್ಲಬೇಡಿ. ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಒಂದೊಂದು ಫೋಟೊ ತೆಗೆಯಿರಿ. ಸ್ಥಳ, ದಿನಾಂಕ, ಸಮಯ ಬರೆದಿಡಿ. ಹೆಸರು ಆಮೇಲೆ ಬರೆಯೋಣ.