ಆಗಸ್ಟ್ ಕೈಕೊಟ್ಟಿತು, ವಿಮೆ ಸಿಕ್ಕೀತೇ?

ಪ್ರಶ್ನೆ: 2023ರ ಆಗಸ್ಟ್‌ನಲ್ಲಿ ಮಳೆಯಿಲ್ಲದೆ ಎರಡೆಕರೆ ರಾಗಿ ಒಣಗಿತು. ಫಸಲ್ ಬಿಮಾ ಕಟ್ಟಿದ್ದೆ. 72 ಗಂಟೆಯೊಳಗೆ ದೂರು ಕೊಡಲಿಲ್ಲ. ಪರಿಹಾರ ಹೋಯಿತೇ?
– ಓದುಗ, ತುಮಕೂರು ಜಿಲ್ಲೆ

ಗಾಬರಿ ಬೇಡ. ಆ ಗಡುವು ಆಲಿಕಲ್ಲು, ಜಲಾವೃತದಂಥ ನಷ್ಟಕ್ಕೆ, ಬರಕ್ಕಲ್ಲ. 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದು, ಮಳೆ ವಾಡಿಕೆಗಿಂತ ಶೇ 36 ಕಡಿಮೆ. ಆದರೆ ವಿಮಾ ಕಂಪನಿ ನೋಡುವುದು ಮಳೆಯನ್ನಲ್ಲ, ನಿಮ್ಮೊಬ್ಬರ ಹೊಲವನ್ನೂ ಅಲ್ಲ; ಬೆಳೆ ಕಟಾವು ಪ್ರಯೋಗದಲ್ಲಿ ಸಿಕ್ಕ ನಿಮ್ಮ ಭಾಗದ ಸರಾಸರಿ ಇಳುವರಿಯನ್ನು.

ಮೊದಲು ರಶೀದಿ ತೆಗೆದು ನೋಡಿ: ‘ರಾಗಿ – ಮಳೆಯಾಶ್ರಿತ’ ಎಂದಿದೆಯೇ? ನೀರಾವರಿ ರಾಗಿಯ ಲೆಕ್ಕವೇ ಬೇರೆ. ಬೆಳೆ ಸಮೀಕ್ಷೆಯಲ್ಲೂ ನಿಮ್ಮ ಸರ್ವೆ ನಂಬರಿಗೆ ರಾಗಿಯೇ ದಾಖಲಾಗಿರಬೇಕು. ಅಲ್ಲಿ ಜೋಳವೆಂದಿದ್ದರೆ ಅರ್ಜಿ ತಿರಸ್ಕಾರವಾಗಬಹುದು (ಇಂಥ ಎಡವಟ್ಟೇ ಹೆಚ್ಚು). ತಡಮಾಡದೆ ರೈತ ಸಂಪರ್ಕ ಕೇಂದ್ರದಲ್ಲಿ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕಂಪನಿ ನಿರಾಕರಿಸಿದರೆ ವಕೀಲರನ್ನು ಕಾಣಿ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಅವಕಾಶವಿದೆ.