ದ್ವಾರಯಂತ್ರಕ್ಕೊಂದು ಪರೀಕ್ಷೆ

ಮನೆಯ ಬ್ರಾಡ್‌ಬ್ಯಾಂಡ್ ಪೆಟ್ಟಿಗೆಯ ದೀಪವು ಹೊತ್ತಿಕೊಂಡೊಡನೆ ಸಂಪರ್ಕವು ತಾನಾಗಿಯೇ ಬಂದಿತೆಂದು ನಾವು ಭಾವಿಸುವುದುಂಟು. ಸಂಗತಿಯು ಹಾಗಲ್ಲ. ಕಂಪೆನಿಯ ಕೇಂದ್ರದಲ್ಲಿರುವ ಗೇಟ್‌ವೇ ಎಂಬ ದ್ವಾರಯಂತ್ರವು ಪ್ರತಿಯೊಂದು ಮನೆಯನ್ನೂ ಗುರುತಿಸಿ, ಒಳಗೆ ಬಿಟ್ಟು, ಲೆಕ್ಕವಿಡುತ್ತದೆ. ಹೀಗೆ ದೊರೆತ ಪ್ರವೇಶಕ್ಕೆ ಸೆಷನ್ ಎಂದು ಹೆಸರು.

1999ರಲ್ಲಿ ಪ್ರಕಟವಾದ ಪಿಪಿಪಿಓಇ ಎಂಬ ಕ್ರಮವನ್ನು ನೋಡೋಣ. ಮೊದಲು ಪೆಟ್ಟಿಗೆಯು, ದ್ವಾರಪಾಲಕರು ಯಾರಿದ್ದೀರಿ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ನಾನಿರುವೆನೆಂದು ಗೇಟ್‌ವೇ ಉತ್ತರಿಸುತ್ತದೆ. ಪೆಟ್ಟಿಗೆಯು ಪ್ರವೇಶವನ್ನು ಬೇಡುತ್ತದೆ. ಗೇಟ್‌ವೇ ಒಂದು ಸೆಷನ್ ಸಂಖ್ಯೆಯನ್ನು ಕೊಡುತ್ತದೆ. ತರುವಾಯ ಕೊಂಡಿಯ ನಿಯಮಗಳ ಒಪ್ಪಂದವೂ, ಹೆಸರು ಮತ್ತು ಗುಪ್ತಪದಗಳ ಪರಿಶೀಲನೆಯೂ ನಡೆದು, ಕಡೆಗೆ ಐಪಿ ವಿಳಾಸವು ಲಭಿಸುತ್ತದೆ. ಪರಿಶೀಲನೆಗಾಗಿ ಗೇಟ್‌ವೇಯು ಸಾಮಾನ್ಯವಾಗಿ ರೇಡಿಯಸ್ ಎಂಬ ಬೇರೊಂದು ಸರ್ವರನ್ನು ಕೇಳಬೇಕಾಗುತ್ತದೆ.

ಒಂದು ಮನೆಗಾದರೆ ಇದೆಲ್ಲವೂ ಕ್ಷಣದ ಕೆಲಸ. ಊರಿಗೆಲ್ಲ ವಿದ್ಯುತ್ತು ಹೋಗಿ ಬಂದಾಗಲೋ, ಸಾವಿರಾರು ಪೆಟ್ಟಿಗೆಗಳು ಒಮ್ಮೆಗೇ ಕೂಗತೊಡಗುತ್ತವೆ. ಉತ್ತರವು ತಡವಾದರೆ ಪುನಃ ಕೂಗುತ್ತವೆ. ಅರ್ಧಕ್ಕೆ ನಿಂತ ಮಾತುಕತೆಯನ್ನು ಮೊದಲಿನಿಂದ ಆರಂಭಿಸುತ್ತವೆ. ಹೀಗೆ ನೂಕುನುಗ್ಗಲೇ ನೂಕುನುಗ್ಗಲನ್ನು ಹೆಚ್ಚಿಸುತ್ತದೆ. ಕಳೆದ ಮಳೆಗಾಲದಲ್ಲಿ ವಿದ್ಯುತ್ತು ಬಂದು ಮುಕ್ಕಾಲು ಗಂಟೆ ಕಳೆದರೂ ಸಂಪರ್ಕವು ಬಾರದೆ, ನಮ್ಮ ಹುಡುಗಿಯೊಬ್ಬಳ ವಿದ್ಯಾರ್ಥಿವೇತನದ ಅರ್ಜಿಗೆ ಗಡುವು ಮೀರಿಹೋಯಿತು. ವಿಚಾರಿಸಲಾಗಿ ಇದೇ ಕಾರಣವೆಂದು ತಿಳಿಯಿತು.

ಇದನ್ನು ಮುಂಚಿತವಾಗಿ ಪರೀಕ್ಷಿಸಲು ಸಾವಿರ ಪೆಟ್ಟಿಗೆಗಳನ್ನು ಕೊಳ್ಳಬೇಕಾಗಿಲ್ಲ. ಒಂದೇ ಗಣಕಯಂತ್ರವು ಸಾವಿರಾರು ಮನೆಗಳ ವೇಷವನ್ನು ಧರಿಸಬಲ್ಲದು. ಪ್ರತಿ ಕಲ್ಪಿತ ಮನೆಗೂ ಬೇರೆ ಬೇರೆ ಹೆಸರು, ಗುಪ್ತಪದ, ಯಂತ್ರವಿಳಾಸಗಳನ್ನು ಕೊಡುತ್ತಾರೆ. ಲಿನಕ್ಸಿನಲ್ಲಿ ನಡೆಯುವ ಬಿಎನ್‌ಜಿ ಬ್ಲಾಸ್ಟರ್ ಎಂಬ ಮುಕ್ತ ತಂತ್ರಾಂಶವು ಇಂಥದು. ಅದು ಆಚೆಯ ಇಂಟರ್ನೆಟ್ಟಿನ ಪಾತ್ರವನ್ನೂ ವಹಿಸಿ, ಒಂದೊಂದು ಸೆಷನ್ನಿನಲ್ಲಿಯೂ ದತ್ತಾಂಶವನ್ನು ಹರಿಸಿ ನೋಡುತ್ತದೆ. ಒಳಬಂದವರ ಸಂಖ್ಯೆಯನ್ನಷ್ಟೇ ಎಣಿಸಿ ತೃಪ್ತರಾಗುವ ಪರೀಕ್ಷಕರೂ ಉಂಟು. ಹಾಜರಿ ಪುಸ್ತಕವನ್ನು ನೋಡಿ ಪಾಠವಾಯಿತೆನ್ನುವ ಉಪಾಧ್ಯಾಯಿನಿಯರ ನೆನಪು ನನಗಾಗುತ್ತದೆ. ಈ ಕ್ರಮದ ತಲೆಬರಹಕ್ಕೆ 8 ಬೈಟುಗಳು ಹೋಗುವುದರಿಂದ 1500ರಲ್ಲಿ 1492 ಮಾತ್ರ ಉಳಿಯುತ್ತವೆ. ಚಿಕ್ಕ ಪೊಟ್ಟಣಗಳು ಸರಾಗವಾಗಿ ಹೋಗಿ, ದೊಡ್ಡವು ಮಾತ್ರ ಕಾಣದಾಗುವ ದೋಷವು ಇಲ್ಲಿಯೇ ಅಡಗಿರುತ್ತದೆ.

ತಪ್ಪು ಗುಪ್ತಪದದವರನ್ನು ತಡೆಯುವುದೇ? ವಿದಾಯ ಹೇಳದೆ ಮರೆಯಾದವರ ವಿಳಾಸವನ್ನು ಹಿಂದಕ್ಕೆ ಪಡೆಯುವುದೇ? ಇವನ್ನೂ ನೋಡಬೇಕು. ವೇಗವನ್ನು ಮೊದಲು ಸೆಕೆಂಡಿಗೆ ಕೆಲವೇ ಸೆಷನ್ನುಗಳಷ್ಟಿಟ್ಟು, ಮೆಲ್ಲಮೆಲ್ಲನೆ ಏರಿಸುತ್ತಾರೆ. ಎಲ್ಲರೂ ಒಳಗೆ ಸೇರಿದ ಮೇಲೆ ಒಮ್ಮೆಲೇ ಕೊಂಡಿಯನ್ನು ಕಡಿದು, ಮತ್ತೆ ಜೋಡಿಸಿ, ಕಟ್ಟಕಡೆಯ ಮನೆಗೂ ದತ್ತಾಂಶವು ಹರಿಯುವವರೆಗೆ ಗಡಿಯಾರವನ್ನು ನೋಡುತ್ತ ಕುಳಿತಿರುತ್ತಾರೆ.